ವಹೀಬಾಳ ಹಿಟ್ಟಿಗೆ ಒಂಬತ್ತನೇ ಮಹಡಿಯ ಬಿಸಿಲು

ಕೈರೋದ ಇಂಬಾಬಾದಲ್ಲಿ ಇನ್ನೂ ನಸುಕು. ಐದು ಮಹಡಿಯ ಹಳೇ ಕಟ್ಟಡದ ತಾರಸಿಯಲ್ಲಿ ವಹೀಬಾ ಕೊನೆಯ ಹಿಟ್ಟಿನುಂಡೆಯನ್ನು ಮಣ್ಣಿನ ತಟ್ಟೆಯ ಮೇಲೆ ತಟ್ಟಿ, ಖರ್ಜೂರದ ಗರಿಯ ಮುಳ್ಳಿನಿಂದ ಅಂಚು ಸೀಳುತ್ತಾಳೆ. ಅಷ್ಟರಲ್ಲಿ ಗಾರೆ ಕೆಲಸದ ಏಳೆಂಟು ಆಳುಗಳು ಮೇಲೆ ಬರುತ್ತಾರೆ. ತಟ್ಟೆ ಜೋಡಿಸಿದ ಹಲಗೆಗಳನ್ನು ತಲೆ ಮೇಲೆ ಹೊತ್ತು, ಪಕ್ಕದಲ್ಲಿ ಏಳುತ್ತಿರುವ ಹೊಸ ಕಟ್ಟಡದ ಒಂಬತ್ತನೇ ಮಹಡಿಗೆ ಹೊರಡುತ್ತಾರೆ.

"ಮೆಲ್ಲಗೆ ಕಣ್ರೋ! ಇಟ್ಟಿಗೆ ಅಲ್ಲ ಅದು, ಮಲಗಿರೋ ಕೂಸು!" ಎಂದು ವಹೀಬಾ ಕೂಗುತ್ತಾಳೆ.

ದಕ್ಷಿಣ ಈಜಿಪ್ಟಿನ ಸೊಹಾಗ್ ಸೀಮೆಯ, ಅವಳ ತವರಿನ ಬಿಸಿಲು ರೊಟ್ಟಿ ಇದು. ಹುಳಿಹಿಟ್ಟು ಬಿಸಿಲಲ್ಲೇ ಉಬ್ಬಬೇಕು, ಆಮೇಲೆ ಒಲೆಗೆ. "ನೆರಳಲ್ಲಿ ಉಬ್ಬಿದ್ದನ್ನ ನಮ್ಮೂರಲ್ಲಿ ಆಡಿಗೆ ಹಾಕ್ತಾರೆ" ಎನ್ನುವುದು ಅವಳ ಖಡಾಖಂಡಿತ ಮಾತು.

ಹನ್ನೆರಡು ವರ್ಷದ ಹಿಂದೆ ಗಾರೆ ಕೆಲಸದ ಗಂಡನ ಜೊತೆ ರೈಲು ಹತ್ತಿದಾಗ ಮಡಿಲಲ್ಲಿದ್ದದ್ದು ಒಂದು ಮುದ್ದೆ ಹುಳಿಹಿಟ್ಟು. ಬಂದ ಮೊದಲ ದಿನ ಊರಿನ ಅಭ್ಯಾಸದಂತೆ ತಟ್ಟೆಗಳನ್ನು ಬಾಗಿಲ ಮುಂದೆ ಇಟ್ಟು ಕೂತಳಂತೆ. ಮಧ್ಯಾಹ್ನವಾದರೂ ಆ ಗಲ್ಲಿಗೆ ಬಿಸಿಲೇ ಇಳಿಯಲಿಲ್ಲ! ಅಂದೇ ತಾರಸಿ ಹತ್ತಿದವಳು, ಗಂಡ ತೀರಿಕೊಂಡ ಮೇಲೂ ಇಳಿದಿಲ್ಲ. ಈಗ ದಿನಕ್ಕೆ ನೂರ ಮೂವತ್ತು ರೊಟ್ಟಿ. ತಿನ್ನುವವರು ಅರವತ್ತೈದು ಜನ, ಎಲ್ಲರೂ ಅವಳ ಸೀಮೆಯಿಂದ ಕೂಲಿಗೆ ಬಂದವರೇ. ಗೋಧಿ ಕೊಯ್ಲಿಗೆ, ಹಬ್ಬಕ್ಕೆ ಊರಿಗೆ ಹೋಗುತ್ತಾರೆ. ಉಳಿದ ದಿನ ಅವರಿಗೆ ಊರೆಂದರೆ ಈ ರೊಟ್ಟಿ. ಹಿಟ್ಟಿನ ಚೀಲವನ್ನು ಎಂಬತ್ತನಾಲ್ಕು ಮೆಟ್ಟಿಲು ಹೊತ್ತು ತರುವುದು ವಹೀಬಾಳೇ. ಮಹಾಗಟ್ಟಿ ಹೆಂಗಸು!

ಅಂಥವಳ ಎದೆಯೂ ಹೋದ ಚಳಿಗಾಲದಲ್ಲಿ ಧಸಕ್ಕೆಂದಿತು. ಪಕ್ಕದ ಕಟ್ಟಡ ಆರನೇ ಮಹಡಿ ಮುಟ್ಟಿದ್ದೇ ತಡ, ಅದರ ನೆರಳು ದಿನದ ಬಹುಪಾಲು ಇಡೀ ತಾರಸಿಯ ಮೇಲೆ ಬಿತ್ತು. ಬಿಸಿಲಿಲ್ಲದೆ ರೊಟ್ಟಿಯಿಲ್ಲ, ರೊಟ್ಟಿಯಿಲ್ಲದೆ ಈ ಊರಲ್ಲಿ ಅವಳಿಗೆ ಕೆಲಸವಿಲ್ಲ. ಆ ಗೋಡೆ ಎಬ್ಬಿಸುತ್ತಿದ್ದವರು ಯಾರು? ಅವಳ ರೊಟ್ಟಿ ತಿನ್ನುವವರೇ. ಅವರ ಮೇಸ್ತ್ರಿ ಕಿನಾವಿ ಅವಳ ಪಕ್ಕದ ಹಳ್ಳಿಯವನು. ನಾಚಿಕೆಯಿಂದ ಅವನು ಅಂಗಡಿ ರೊಟ್ಟಿ ತರಿಸಿ ತಿನ್ನತೊಡಗಿದ.

ನಾಲ್ಕನೇ ದಿನ ವಹೀಬಾ, ಇಣುಕಿದ ಚೂರು ಬಿಸಿಲಲ್ಲಿ ಹೇಗೋ ಉಬ್ಬಿಸಿ ಸುಟ್ಟ ನಾಲ್ಕಾರು ರೊಟ್ಟಿಯ ಬುಟ್ಟಿ ತಲೆ ಮೇಲೆ ಹೊತ್ತು, ಹೊಸ ಕಟ್ಟಡಕ್ಕೇ ಹೋಗಿ ಅವನೆದುರು ನಿಂತಳು.

"ಏನಯ್ಯಾ ಮೇಸ್ತ್ರಿ, ನನ್ನ ರೊಟ್ಟಿ ಕಹಿಯಾಯ್ತಾ?"

"ಯಾವ ಮುಖ ಇಟ್ಕೊಂಡು ತಿನ್ಲಿ ಅಕ್ಕಾ? ಉಂಡ ಮನೆಗೆ ಎರಡು ಬಗೆದಂಗಾಯ್ತು."

"ಸಾಕು ಸುಮ್ನಿರು. ಗೋಡೆ ಕಟ್ಟೋದು ನಿನ್ನ ಕೆಲಸ, ರೊಟ್ಟಿ ಮಾಡೋದು ನಂದು. ಮೊದಲು ತಿನ್ನು. ಆಮೇಲೆ ನನ್ನ ಬಿಸಿಲು ಎಲ್ಲಿ ಬಚ್ಚಿಟ್ಟಿದೀಯ ಹೇಳು."

ಕಿನಾವಿ ರೊಟ್ಟಿ ಮುರಿದು ಬಾಯಿಗಿಟ್ಟ. ಅಗಿಯುತ್ತಲೇ ತಲೆಯ ಮೇಲಿನ ಹೊಸ ಚಾವಣಿಯತ್ತ ಕೈ ತೋರಿಸಿದ. ಮರುದಿನದಿಂದ ಕೆಲಸ ಶುರುವಾಗುವ ಮುಂಚೆ ಹಲಗೆ ಹೊರುವುದು ಆಳುಗಳ ಪಾಳಿಯಾಯಿತು. ಕಟ್ಟಡ ಒಂದು ಮಹಡಿ ಏರಿದಾಗೆಲ್ಲ ಹಿಟ್ಟೂ ಜೊತೆಗೆ ಏರಿತು. ಉಬ್ಬಿದ್ದು ಬಿಸಿಲೇರಿದ ಮೇಲೆ ಅವಳ ಒಲೆಗೆ ಇಳಿಯುತ್ತದೆ.

ಕಟ್ಟಡಕ್ಕೆ ಇನ್ನೊಂದೇ ಮಹಡಿ ಬಾಕಿ. ಕೆಳಮನೆಯ ತಫೀದಾಗೆ ಅದೇ ಚಿಂತೆ. "ಮುಗಿದ ಮೇಲೆ ಒಡೆಯ ಬೀಗ ಜಡೀತಾನೆ. ಆಗೇನು ಮಾಡ್ತೀಯೇ?"

ವಹೀಬಾ ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತಾ ನಗುತ್ತಾಳೆ.

"ಹಿಂದಿನ ಬೀದೀಲಿ ಪಾಯ ತೋಡ್ತಿರೋದು ನೋಡಿಲ್ವಾ? ಅಲ್ಲೂ ಕಿನಾವಿನೇ. ಈ ಊರು ಕಟ್ಟೋರೆಲ್ಲ ನಮ್ಮೋರು ಕಣೇ. ಮನೆ ಕೊಂಡೋರು ಬಂದು ಸೇರೋವರೆಗೂ ಅಲ್ಲಿನ ಬಿಸಿಲು ನಮ್ದೇ."