ಬಾಯಿ ಮುಚ್ಚಿದ ತೋಳು

ನಮ್ಮ ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಮಿಷನ್‌ಗಳೆಲ್ಲ ನಿಲ್ಲುತ್ತವೆ. ಕರೆಂಟ್ ಹೋಗಿ ಅಲ್ಲ, ಓದುವವರ ದನಿ ಕೇಳಿಸಲೆಂದು. ಗುಂಡಿ, ಹುಕ್ಕು, ಕಾಜ, ಅಂಚು ಮಡಿಸುವುದು, ಇಂಥ ಸದ್ದಿಲ್ಲದ ಕೈಹೊಲಿಗೆಯನ್ನೆಲ್ಲ ಅವಳು ಆ ಹೊತ್ತಿಗೇ ಎತ್ತಿಟ್ಟಿರುತ್ತಾಳೆ. ನಮ್ಮಲ್ಲಿ ಒಬ್ಬರು ಸೂಜಿ ಕೆಳಗಿಟ್ಟು ಪುಸ್ತಕ ಹಿಡಿಯಬೇಕು, ಉಳಿದವರು ಕೈ ಆಡಿಸುತ್ತ ಕೇಳಬೇಕು. ಓದುವವರು ಕೆಮ್ಮಿದರೂ ಅವಳಿಗೆ ಸಿಟ್ಟು. ಪುಟ ಹಾರಿಸಿದರಂತೂ ಮುಗಿಯಿತು, ನಮ್ಮ ಗ್ರಹಚಾರ ಬಿಡಿಸಿಬಿಡುತ್ತಾಳೆ.

ಆ ಹೊತ್ತೂ ಮಿಷನ್ ಓಡಿಸಿದರೆ ಇನ್ನಷ್ಟು ಬಟ್ಟೆ ಮುಗಿಯುತ್ತವೆ ಎಂದು ಚಿಕ್ಕಪ್ಪ ಗೊಣಗಿದ್ದುಂಟು. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಈಗ ಅವರೇ ದಿನಾ ಏನಾದರೊಂದು ನೆಪ ಮಾಡಿಕೊಂಡು ಬಂದು ಇಸ್ತ್ರಿ ಮೇಜಿನ ಹಿಂದೆ ಕೂರುತ್ತಾರೆ. ನೆಪ ಯಾವುದೆಂದು ನಾವೂ ಕೇಳುವುದಿಲ್ಲ.

ಒಮ್ಮೆ ಗ್ರಂಥಾಲಯದಿಂದ ತಂದ ಕಾದಂಬರಿಯೊಂದರ ಕೊನೆಯಲ್ಲಿ, ತಾಯಿಯೊಬ್ಬಳು ಮಲಗಿದ ಮಕ್ಕಳನ್ನು ಬಿಟ್ಟು ಮನೆಯಿಂದ ಹೊರಟುಹೋದಳು. ಓದುತ್ತಿದ್ದವಳು ನಾನು. ಚಿಕ್ಕಮ್ಮ ಕೋಟೊಂದರ ತೋಳಿಗೆ ಲೈನಿಂಗ್ ಹಚ್ಚುತ್ತಿದ್ದಳು. ಆಗಾಗ ಕಣ್ಣೊರೆಸಿಕೊಂಡಳೇ ಹೊರತು ಕೆಲಸ ಬಿಡಲಿಲ್ಲ. ಆ ತಾಯಿ ಎಲ್ಲಿಗೆ ಹೋದಳೆಂದು ಹೇಳದೆಯೇ ಪುಸ್ತಕ ಮುಗಿಯಿತು. ಎರಡನೆಯ ಭಾಗ ಬರಲಿದೆ ಎಂದು ಕಡೆಯ ಪುಟದಲ್ಲಿತ್ತು, ವರ್ಷಗಳಾದರೂ ಬಂದಿರಲಿಲ್ಲ.

ಅಂದು ಸಂಜೆ ಕೋಟು ಒಯ್ದ ಹೆಂಗಸು ಮರುದಿನ ಬೆಳಿಗ್ಗೆಯೇ ಬಂದರು. ಹಿಂದಿನ ಬೀದಿಯಲ್ಲಿ ಒಬ್ಬರೇ ಇರುವವರು, ಹೆಚ್ಚು ಮಾತಿಲ್ಲ. ಕೋಟನ್ನು ಅರ್ಧ ಮಾತ್ರ ತೊಟ್ಟಿದ್ದರು. ಬಲತೋಳಿನೊಳಗೆ ಹೋದ ಕೈ ಹೊರಗೇ ಬಂದಿರಲಿಲ್ಲ. ಮೇಲಿನ ಪದರ, ಕೆಳಗಿನ ಪದರ ಎರಡನ್ನೂ ಸೇರಿಸಿ ಚಿಕ್ಕಮ್ಮ ತೋಳಿನ ಬಾಯಿಯನ್ನೇ ಹೊಲಿದುಬಿಟ್ಟಿದ್ದಳು. ಅದೂ ಬಲು ನೀಟಾಗಿ.

ತುರ್ತಾಗಿ ಒಂದು ಕಡೆ ಹೋಗಬೇಕಿತ್ತು, ಹೀಗೆ ಮಾಡಿಟ್ಟಿರಲ್ಲ ಎಂದು ಅವರು ಸಿಡುಕಿದರು. ಬೇರೆ ಯಾರಾದರೂ ಆಗಿದ್ದರೆ ತಪ್ಪಾಯಿತು ಎನ್ನುತ್ತಿದ್ದರು. ನಮ್ಮ ಚಿಕ್ಕಮ್ಮ ಪುಸ್ತಕ ತಂದು ಅವರ ಮುಂದಿಟ್ಟಳು.

“ತಪ್ಪು ನಂದಲ್ಲಮ್ಮ. ಇದನ್ನ ಬರೆದವರನ್ನ ಹುಡುಕಿ ಕೇಳಿ. ಸೂಜಿ ಹಿಡಿದವರೂ ಕೇಳ್ತಿರ್ತಾರೆ ಅನ್ನೋ ಜ್ಞಾನ ಬೇಡ್ವಾ ಅವರಿಗೆ?”

ಆಕೆ ಪುಸ್ತಕವನ್ನೇ ನೋಡುತ್ತ ನಿಂತರು. ಸಿಡುಕೆಲ್ಲ ಎಲ್ಲಿಗೆ ಹೋಯಿತೋ. ಅದನ್ನು ಬರೆದದ್ದು ತಾನೇ, ಮುಖಪುಟದಲ್ಲಿರುವುದು ಕಾವ್ಯನಾಮ ಎಂದರು. ಮೊದಲನೆಯದನ್ನು ಓದಿದೆನೆಂದು ಹೇಳಿದವರು ಒಬ್ಬರೂ ಇಲ್ಲ, ಎರಡನೆಯದು ಅರ್ಧಕ್ಕೇ ನಿಂತಿದೆ. ಇನ್ನು ಬರೆಯುವುದಿಲ್ಲವೆಂದು ಪ್ರಕಾಶಕರಿಗೆ ಹೇಳಿಬರಲೆಂದೇ ಆ ಬೆಳಿಗ್ಗೆ ಹೊರಟಿದ್ದರಂತೆ.

ಮಿಷನ್‌ಗಳೆಲ್ಲ ತಾವಾಗಿಯೇ ನಿಂತವು. ನನಗಂತೂ ಅಳು ಬಂತು. ಚಿಕ್ಕಮ್ಮ ಕತ್ತರಿ ಎತ್ತಿಕೊಂಡಳು, ಆದರೆ ತೋಳಿಗೆ ತಾಗಿಸಲಿಲ್ಲ.

“ಆ ತಾಯಿ ಎಲ್ಲಿಗೆ ಹೋದ್ಲು ಅಂತ ಬರೀತೀನಿ ಅನ್ನಿ, ಬಿಚ್ತೀನಿ. ಬರೆಯಲ್ಲ ಅನ್ನೋದಾದ್ರೆ ಆ ಕೈ ಹೊರಗೆ ಬಂದು ಏನಾಗ್ಬೇಕು? ಒಳಗೇ ಇರ್ಲಿ.”

ಗಲಾಟೆ ಕೇಳಿ ಒಳಗೆ ಬಂದಿದ್ದ ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತುಕೊಂಡರು. ಆಕೆ ಮಾತ್ರ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೋಟು ಕಳಚಿ ಮಡಚಿಕೊಂಡು, ಈಗ ಬಿಚ್ಚುವುದು ಬೇಡ, ಹಾಗೇ ಇರಲಿ ಎಂದು ಬಂದ ದಾರಿಯಲ್ಲೇ ಮನೆಗೆ ತಿರುಗಿದರು.

ಮುಂದಿನ ಚಳಿಗಾಲಕ್ಕೆ ಅದೇ ಕೋಟು ಅಂಗಡಿಗೆ ಬಂತು, ಜೊತೆಗೆ ದಾರ ಕಟ್ಟಿದ ಹಾಳೆಗಳ ಕಟ್ಟು. ಅಚ್ಚಿಗೆ ಕೊಡುವ ಮುಂಚೆ ನೀವು ಕೇಳಬೇಕು ಎಂದು ಆಕೆ ಕಟ್ಟನ್ನು ನನ್ನ ಕೈಗಿಟ್ಟರು. ನಾನು ದಾರಕ್ಕೆ ಕೈ ಹಾಕಿದೆ. ಚಿಕ್ಕಮ್ಮ ಕೋಟನ್ನು ತೊಡೆಯ ಮೇಲೆ ಎಳೆದುಕೊಂಡು ನನ್ನನ್ನು ತಡೆದಳು.

“ತಡಿಯೇ, ಮೊದಲು ತೋಳು ಬಿಚ್ತೀನಿ. ನೀನು ಓದೋಕೆ ಶುರು ಮಾಡಿದ್ಮೇಲೆ ಈ ಕೈ ನನ್ನ ಮಾತು ಕೇಳಲ್ಲ.”