ಹಾಜರಾದವರು ನಾಲ್ವರು

ಹೂಲಿಯ ತಂಗೆವ್ವ ಖಾನಾವಳಿಯೊಂದರಲ್ಲಿ ಹದಿನೆಂಟು ವರ್ಷ ರೊಟ್ಟಿ ಬಡಿದವಳು. ಸಂಧಿವಾತದಿಂದ ಬೆರಳು ಸೊಟ್ಟಗಾದ ಮೇಲೆ ಆ ಕೆಲಸ ಹೋಯಿತು. ಕೀಲುರೋಗದ ಡಾಕ್ಟರು ತಿಂಗಳಿಗೊಮ್ಮೆಯಾದರೂ ತಾಲ್ಲೂಕು ಆಸ್ಪತ್ರೆಗಳಿಗೆ ಬರಲಿ ಎಂದು ಕೇಳಲು ಅವಳು ಬೈಲಹೊಂಗಲ, ಕಿತ್ತೂರು, ರಾಮದುರ್ಗವೆಲ್ಲ ಬಸ್ಸಿನಲ್ಲಿ ತಿರುಗಿ ಅರವತ್ಮೂರು ರೋಗಿಗಳ ಸಂಘ ಕಟ್ಟಿದಳು.

ಸಂಘ ಕೊಟ್ಟ ಅರ್ಜಿ ನೋಡಿ ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬರು ಎಲ್ಲರನ್ನೂ ಬೆಳಿಗ್ಗೆ ಒಂಬತ್ತಕ್ಕೆ ತಮ್ಮ ಕಚೇರಿಗೆ ಕರೆದರು. ಆ ಹೊತ್ತಿಗೆ ಕಚೇರಿ ಮುಟ್ಟಿದ್ದು ಅವಳೂ ಸೇರಿ ನಾಲ್ಕೇ ಜನ.

“ಉಳಿದಾವ್ರು ಮದವಿಗೆ ಹೋಗ್ಯಾರೇನು?” ಎಂದರು ಅಧಿಕಾರಿ.

“ಮುಂಜಾನೆ ನಮ್ಮ ಕೀಲು ಮಡಚೂದಿಲ್ರಿ ಸಾಹೇಬ್ರ. ಹಾಸಿಗಿ ಬಿಟ್ಟು ಏಳಾಕ ಹನ್ನೊಂದಾಗತೈತಿ.”

“ನೀವು ಬಂದೀರಲ್ಲ ಮತ್ತ?”

ನಸುಕಿನಲ್ಲೇ ಎದ್ದು ಎರಡು ತಾಸು ಬಿಸಿನೀರಿನಲ್ಲಿ ಕೈಕಾಲು ಇಟ್ಟುಕೊಂಡು ಕುಳಿತಿದ್ದನ್ನು ತಂಗೆವ್ವ ಹೇಳಿದಳು. ಅಧಿಕಾರಿ ಅರ್ಜಿಯ ಮೇಲೆ ‘ಹಾಜರಾದವರು ನಾಲ್ವರು’ ಎಂದು ಬರೆದು ಬೇರೊಂದು ಸಭೆಗೆ ಹೊರಟುಹೋದರು.

ಮೂರರ ಹೊತ್ತಿಗೆ ವರಾಂಡದಲ್ಲಿ ಐವತ್ತೆಂಟು ಜನ ಸೇರಿದ್ದರು. “ಎಲ್ಲಾರೂ ಚಲೋನ ನಡೀತಾರಲ್ಲ,” ಎಂದ ಗುಮಾಸ್ತ. ಅವರ ಹೆಸರನ್ನೂ ಅರ್ಜಿಗೆ ಸೇರಿಸಲು ತಂಗೆವ್ವ ಕೇಳಿದಾಗ, ಸಾಹೇಬರ ಸಹಿ ಆಗಿದೆ, ತಿದ್ದಲು ಬರುವುದಿಲ್ಲ ಎಂದ.

“ಹಂಗಾರ ಸಾಹೇಬ್ರು ಬರೂತನಾ ಇರತೇವಿ,” ಎಂದಳು ತಂಗೆವ್ವ.

ನೆಲದ ಮೇಲೆ ಕುಳಿತರೆ ಮತ್ತೆ ಏಳಲಾಗದೆಂದು ಎಲ್ಲರೂ ಗೋಡೆ ಹಿಡಿದು ನಿಂತರು. ಐದೂವರೆಗೆ ರಾಮದುರ್ಗದ ಬಸ್ಸು ಹಿಡಿಯಬೇಕಾದವರು ಹೊರಟರು. ಸಾಹೇಬರು ಆ ದಿನ ಮರಳಲಿಲ್ಲ.