ಪುಟ್ಟಮ್ಮನ ಹೆಸರಿನ ನಳಿಕೆ

ಪುಟ್ಟಮ್ಮಾ, ಆ ಕ್ರಿಮಿ ನಿಮ್ಮ ಮೂಗಿನದಲ್ಲ — ನನ್ನದು. ಚೀಟಿ ಬದಲಿಸಿದವಳು ನಾನು. ನಾನು ನರ್ಸು, ನೀವು ಆಯಾ ಎಂಬ ಜಂಬದಲ್ಲಿ ನಿಮ್ಮನ್ನು ಏಕವಚನದಲ್ಲೇ ಕರೆಯುತ್ತಿದ್ದೆ; ಇವತ್ತು ಮನಸ್ಸಿನೊಳಗೇ ಮಾತಾಡುವಾಗಲೂ ಹಾಗೆ ಕರೆಯಲು ನಾಲಿಗೆ ಏಳುತ್ತಿಲ್ಲ.

ಐವತ್ತರ ದಶಕದ ಕೊನೆ, ಯಲಹಂಕದ ಕಡೆಯ ಆ ಹೆರಿಗೆ ವಾರ್ಡು. ಹುಟ್ಟಿದ ಮೂರನೇ ದಿನಕ್ಕೆ ಕೂಸುಗಳ ಮೈಮೇಲೆ ಕೀವುಗುಳ್ಳೆ ಏಳುತ್ತಿದ್ದವು, ಎಷ್ಟು ಪೆನಿಸಿಲಿನ್ ಚುಚ್ಚಿದರೂ ಇಳಿಯುತ್ತಿರಲಿಲ್ಲ. ಎರಡು ಕೂಸು ಹೋದವು. ಡಾಕ್ಟರಮ್ಮ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು: "ಇದು ಪೆನಿಸಿಲಿನ್‌ಗೆ ಬಗ್ಗೋ ಕ್ರಿಮಿ ಅಲ್ಲ ಕಣ್ರೀ. ನಮ್ಮಲ್ಲೇ ಯಾರೋ ಮೂಗಲ್ಲಿ ಇಟ್ಕೊಂಡು ಓಡಾಡ್ತಿದಾರೆ. ಯಾರಾದ್ರೂ ಸರಿ, ಮನೆಗೆ ಹೋಗ್ಬೇಕು."

ಯಾರೆಂದು ನನಗೆ ಗೊತ್ತಿತ್ತು. ನನ್ನ ಮೂಗಿನೊಳಗೆ ಆಗಾಗ ಕುರು ಏಳುತ್ತಿತ್ತು. ಸೀಸೆಯ ತಳದಲ್ಲಿ ಉಳಿದ ಪೆನಿಸಿಲಿನ್ ಕದ್ದು ಚುಚ್ಚಿಕೊಳ್ಳುತ್ತಿದ್ದೆ, ನೋವು ತಗ್ಗಿದೊಡನೆ ಬಿಡುತ್ತಿದ್ದೆ. ಅರೆಬರೆ ಮದ್ದಿಗೆ ಸಾಯದೆ ಉಳಿದ ಕ್ರಿಮಿಯನ್ನು ನಾನೇ ಸಾಕಿದ್ದೆ. ಕೆಲಸ ಹೋದರೆ ಇರುವ ಕೋಣೆಯೂ ಹೋಗುತ್ತಿತ್ತು, ಗಂಡ ಬಿಟ್ಟವಳು ಎಲ್ಲಿಗೆ — ಇರಲಿ, ಅದು ನೆಪ. ಎಲ್ಲರ ಮೂಗಿಗೆ ಹತ್ತಿಕಡ್ಡಿ ಸವರಿ, ಗಾಜಿನ ನಳಿಕೆಗಳಲ್ಲಿಟ್ಟು, ಹೆಸರಿನ ಚೀಟಿ ಅಂಟಿಸುವ ಕೆಲಸ ನನಗೇ ಬಂತು. ನನ್ನ ನಳಿಕೆಗೆ ನಿಮ್ಮ ಹೆಸರು, ನಿಮ್ಮದಕ್ಕೆ ನನ್ನ ಹೆಸರು ಅಂಟಿಸಿದೆ. ನಿಮಗೆ ಓದಲು ಬರುತ್ತಿರಲಿಲ್ಲ, ಅದಕ್ಕೇ ನಿಮ್ಮನ್ನು ಆರಿಸಿದ್ದು.

ವರದಿ ಬಂದ ದಿನ ನೀವು ಜಗಳವಾಡಲಿಲ್ಲ. ಸತ್ತ ಕೂಸುಗಳನ್ನು ನೆನೆದು ಅತ್ತಿರಿ, ಮನೆಗೆ ಹೋದಿರಿ.

ನೀವು ಹೋದ ಮೇಲೂ ಗುಳ್ಳೆ ನಿಲ್ಲಲಿಲ್ಲ. ಪುಟ್ಟಮ್ಮನ ಕ್ರಿಮಿ ಹಾಸಿಗೆಯಲ್ಲಿ ಉಳಿದಿದೆ ಎಂದು ಹಾಸಿಗೆ ಸುಟ್ಟರು. ನಾನೂ ಸೀಮೆಎಣ್ಣೆ ಸುರಿದೆ. ಇನ್ನೊಂದು ಕೂಸು ಹೋಯಿತು — ನಾನೇ ಮೀಯಿಸಿದ್ದ ಕೂಸು, ಹೆಣ್ಣು, ತಲೆ ತುಂಬ ಕೂದಲು... ಆಮೇಲೆ ಕೆಲಸ ಬಿಟ್ಟೆ. ನಿಜ ಮಾತ್ರ ಹೇಳಲಿಲ್ಲ.

ಮರುವರ್ಷ ಯಶವಂತಪುರದ ಸಂತೆಯಲ್ಲಿ ಸಿಕ್ಕಿದಿರಿ. ಸೊಪ್ಪು ಆರಿಸಲೆಂದು ನಿಮ್ಮ ಮಗಳು ಹಸುಗೂಸನ್ನು ನಿಮ್ಮತ್ತ ಚಾಚಿದಳು. ನೀವು ಹಿಂದಕ್ಕೆ ಸರಿದಿರಿ. "ಬ್ಯಾಡ ಕಣವ್ವ. ನನ್ ಮೈಯಾಗೆ ಇಸ ಐತೆ. ಬೇಕಾದ್ರೆ ಸಿಸ್ಟ್ರಮ್ಮನ್ನೇ ಕೇಳು."

ಮಗಳು ನನ್ನ ಮುಖ ನೋಡಿದಳು. ಒಂದೇ ಒಂದು ಮಾತು ಸಾಕಿತ್ತು — ನಾನು ಹೌದೆಂದು ತಲೆಯಾಡಿಸಿದೆ.

ಆ ಮೊಮ್ಮಗಳನ್ನು ನೀವು ಒಮ್ಮೆಯೂ ಎತ್ತಿಕೊಳ್ಳಲಿಲ್ಲವಂತೆ. ಈಗ ಅವಳೇ ತುಂಬು ಬಸುರಿ ಎಂದು ಕೇಳಿದೆ. ಅವಳ ಹೆರಿಗೆಗೆ ಮುಂಚೆ ಅಟ್ಟೂರಿಗೆ ಬಂದು, ನಿಮ್ಮ ಮನೆಯವರೆಲ್ಲರ ಎದುರು ಇದಿಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಆ ಮುಖ ನನಗಿಲ್ಲ. ಹುಟ್ಟುವ ಕೂಸನ್ನು ಎತ್ತಿಕೊಳ್ಳಿ, ಪುಟ್ಟಮ್ಮಾ. ನಿಮ್ಮಲ್ಲಿ ಏನೂ ಇರಲಿಲ್ಲ.